ಪೈಲ್ವಾನನ ಹೊಟ್ಟೆಯಲ್ಲಿ ಕಾಣದ ದಂಡು

ಮಾಗಿಯ ಚಳಿ ಬಂತೆಂದರೆ ಕೃಷ್ಣಾ ತೀರದ ಸಾಂಗಲಿ–ಮಿರಜಗಳಲ್ಲಿ ಕುಸ್ತಿಯ ಕಾವು ಏರುತ್ತದೆ. ನೆಗಡಿ, ಕೆಮ್ಮು, ಗಂಟಲುನೋವು ಏರುವುದೂ ಆಗಲೇ. ಹಾಲು, ತುಪ್ಪ, ಬಾದಾಮಿಗಳ ಖುರಾಕಿಗೆ ಈಗ ಜೀವಂತ ಬ್ಯಾಕ್ಟೀರಿಯಾಗಳ ‘ಪ್ರೊಬಯಾಟಿಕ್’ ಮಾತ್ರೆಯೂ ಬಂದು ಸೇರಿದೆ. ಅದು ಕ್ರೀಡಾಪಟುವಿಗೆ ಕೊಡುವುದೇನು? ಮನೆಯ ಮೊಸರು ಎಲ್ಲಿ ನಿಲ್ಲುತ್ತದೆ?

ಬೆಳಗಿನ ಐದು ಗಂಟೆ. ಐರ್ವಿನ್ ಸೇತುವೆಯ ಕೆಳಗೆ ಕೃಷ್ಣೆಯ ಮೇಲೆ ಮಂಜು ಮಲಗಿದೆ. ಸಾಂಗಲಿಯ ತಾಲೀಮಿನಲ್ಲಿ ಮಾತ್ರ ಆಗಲೇ ಬೆವರು ಹರಿಯುತ್ತಿದೆ. ಲಂಗೋಟಿ ಬಿಗಿದ ಹುಡುಗರು ಸಲಿಕೆ ಹಿಡಿದು ಅಖಾಡದ ಕೆಂಪು ಮಣ್ಣನ್ನು ಕೆದರಿ ಹದಗೊಳಿಸುತ್ತಿದ್ದಾರೆ.

ಆ ಮಣ್ಣೂ ಬರಿಯ ಮಣ್ಣಲ್ಲ. ಅದಕ್ಕೆ ಅರಿಶಿನ ಬಿದ್ದಿದೆ, ನಿಂಬೆರಸ ಬಿದ್ದಿದೆ, ಎಣ್ಣೆ ಬಿದ್ದಿದೆ, ಕೊಡಗಟ್ಟಲೆ ಮಜ್ಜಿಗೆ ಬಿದ್ದಿದೆ. ಹುಳಿ ವಾಸನೆ ಮೂಗಿಗೆ ಅಡರುತ್ತದೆ. ದಂಡ, ಬಸ್ಕಿ ಮುಗಿದು ಜೋಡಿಗಳು ಜೋರಿಗೆ ಇಳಿಯುತ್ತವೆ. ತೊಡೆಗೆ ತೊಡೆ ತಾಗಿದ ಸದ್ದು ಹೊರಗಿನ ಬೀದಿಗೂ ಕೇಳಿಸುತ್ತದೆ.

ಗೋಡೆಯ ಪಕ್ಕ ಒಬ್ಬ ಹುಡುಗ ಮಾತ್ರ ಶಾಲು ಹೊದ್ದು ಕೂತಿದ್ದಾನೆ. ಮೂಗು ಸೋರುತ್ತಿದೆ, ದನಿ ಬಿದ್ದುಹೋಗಿದೆ. ಅಖಾಡಕ್ಕೆ ಇಳಿಯಬೇಡವೆಂದು ವಸ್ತಾದರು ಕೈಸನ್ನೆ ಮಾಡುತ್ತಾರೆ. ಜಾತ್ರೆಯ ಮೈದಾನಕ್ಕೆ ಉಳಿದಿರುವುದು ಕೆಲವೇ ವಾರ. ಅದರಲ್ಲಿ ಒಂದು ವಾರ ಈ ನೆಗಡಿಯ ಪಾಲು.

ಪ್ರೊಬಯಾಟಿಕ್ ಬಗ್ಗೆ ಮಾತು ಶುರುವಾಗಬೇಕಾದದ್ದು ಈ ಹುಡುಗನಿಂದ. ಜಾಹೀರಾತಿನಲ್ಲಿ ಹೊಳೆಯುವ ಕಟ್ಟುಮಸ್ತಾದ ದೇಹದಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ.

ಒಂದು ಕಿಲೋ ಅಂತರದ ನಾಡು

ಸಾಂಗಲಿ ಜಿಲ್ಲೆಗೆ ಕ್ರೀಡೆ ಹೊಸದಲ್ಲ. ಇಲ್ಲಿನ ಕವಠೇ ಪಿರಾನಿನ ಮಾರುತಿ ಮಾನೆ 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಪದಕ ಗೆದ್ದು, 1964ರಲ್ಲಿ ಕುಸ್ತಿಯ ‘ಹಿಂದ್ ಕೇಸರಿ’ ಬಿರುದು ಪಡೆದರು. 1959ರಲ್ಲಿ ಮೊಟ್ಟಮೊದಲ ಹಿಂದ್ ಕೇಸರಿ ಎನಿಸಿದ ಶ್ರೀಪತಿ ಖಂಚನಾಳೆ ಹುಟ್ಟಿದ್ದು ಮಿರಜದಿಂದ ಹೆಚ್ಚು ದೂರವಿಲ್ಲದ, ನಮ್ಮ ಬೆಳಗಾವಿ ಜಿಲ್ಲೆಯ ಎಕ್ಸಂಬಾದಲ್ಲಿ. ಗಡಿಯ ಗೆರೆ ನಕಾಶೆಯಲ್ಲಿದೆ, ಅಖಾಡದ ಮಣ್ಣಿನಲ್ಲಿಲ್ಲ. ಜತ್ತ ತಾಲ್ಲೂಕಿನ ಕನ್ನಡದ ಹುಡುಗರೂ ಚಿಕ್ಕೋಡಿ, ಅಥಣಿ ಕಡೆಯ ಹುಡುಗರೂ ಸಾಂಗಲಿ, ಕೊಲ್ಹಾಪುರಗಳ ತಾಲೀಮುಗಳಲ್ಲಿ ಮೈ ಹುರಿಗೊಳಿಸುತ್ತ ಬಂದಿದ್ದಾರೆ.

ಈಚೆಗೆ ಹೆಣ್ಣುಮಕ್ಕಳೂ ಮುಂದೆ ಬಂದಿದ್ದಾರೆ. 2023ರ ಮಾರ್ಚ್‌ನಲ್ಲಿ ಮೊದಲ ‘ಮಹಿಳಾ ಮಹಾರಾಷ್ಟ್ರ ಕೇಸರಿ’ ಕುಸ್ತಿ ಸ್ಪರ್ಧೆ ನಡೆದದ್ದು ಸಾಂಗಲಿಯಲ್ಲೇ. ಗೆದ್ದವರು ಇದೇ ಜಿಲ್ಲೆಯ ಪ್ರತೀಕ್ಷಾ ಬಾಗಡಿ. ಕ್ರಿಕೆಟಿನ ಸ್ಮೃತಿ ಮಂಧಾನಾ ಬೆಳೆದದ್ದೂ ಸಾಂಗಲಿಯಲ್ಲಿ.

2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟ ನೆನಪಿಸಿಕೊಳ್ಳಿ. ಅಲ್ಲಿ ಭಾರತದ ಮೊದಲ ಪದಕ ತಂದವರು ಸಾಂಗಲಿಯ ಭಾರ ಎತ್ತುಗಾರ ಸಂಕೇತ್ ಸರ್ಗರ್. 55 ಕಿಲೋ ವಿಭಾಗದಲ್ಲಿ ಒಟ್ಟು 248 ಕಿಲೋ ಎತ್ತಿದರು. ಮೊಣಕೈಗೆ ಪೆಟ್ಟಾದ ಮೇಲೂ ಹಿಂದೆ ಸರಿಯಲಿಲ್ಲ. ಚಿನ್ನ ಗೆದ್ದ ಮಲೇಷ್ಯಾದ ಸ್ಪರ್ಧಿ ಎತ್ತಿದ್ದು 249. ಅಂತರ ಒಂದೇ ಕಿಲೋ.

ಇಷ್ಟು ಸಣ್ಣ ಅಂತರದಲ್ಲಿ ಸೋಲು ಗೆಲುವು ತೀರ್ಮಾನವಾಗುವಾಗ, ವರ್ಷದಲ್ಲಿ ಎಷ್ಟು ದಿನ ತಾಲೀಮು ತಪ್ಪಿತು ಎಂಬ ಲೆಕ್ಕಕ್ಕೆ ಬೆಲೆ ಬರುತ್ತದೆ. ಕ್ರೀಡಾಪಟುವಿನ ಅಭ್ಯಾಸ ತಪ್ಪಿಸುವ ಸಾಮಾನ್ಯ ಕಾಯಿಲೆಗಳು ಎರಡು: ಮೂಗು–ಗಂಟಲಿನ ಸೋಂಕು ಮತ್ತು ಹೊಟ್ಟೆಯ ಕಾಟ.

ಬೆವರಿನ ಬೆಲೆ ತೆರುವ ಕರುಳು

ಮಿತವಾದ ವ್ಯಾಯಾಮ ಆರೋಗ್ಯಕ್ಕೆ ಒಳ್ಳೆಯದು, ಸಂದೇಹವಿಲ್ಲ. ಆದರೆ ಸ್ಪರ್ಧೆಯ ಮಟ್ಟದ ತಾಲೀಮು ಬೇರೆಯೇ ಮಾತು.

ಮೈ ದಣಿದಷ್ಟೂ ರಕ್ತ ಸ್ನಾಯುಗಳತ್ತ, ಚರ್ಮದತ್ತ ಹರಿಯುತ್ತದೆ. ಕರುಳಿಗೆ ಹೋಗಬೇಕಾದ ಪಾಲು ತೀರಾ ಕಡಿಮೆಯಾಗುತ್ತದೆ. ಬಿಸಿಲೂ ಬಾಯಾರಿಕೆಯೂ ಸೇರಿದರೆ ಕರುಳಿನ ಒಳಪದರ ಸಡಿಲವಾಗುತ್ತದೆ. ಆಗ ಬ್ಯಾಕ್ಟೀರಿಯಾಗಳ ಹೊರಕವಚದ ವಿಷಾಂಶ ರಕ್ತಕ್ಕೆ ನುಸುಳುತ್ತದೆ. ಹೊಟ್ಟೆ ತೊಳಸುವುದು, ಮುರಿತ, ಭೇದಿ ಇವೆಲ್ಲ ಅಲ್ಲಿಂದ ಹುಟ್ಟಬಹುದು. ದೂರ ಓಡುವವರಲ್ಲಿ, ಸೈಕಲ್ ತುಳಿಯುವವರಲ್ಲಿ ನೂರಕ್ಕೆ 30ರಿಂದ 50 ಮಂದಿ ಈ ಕಾಟ ಕಂಡವರೇ.

ಕುಸ್ತಿಯವರ ಪಾಡು ಇನ್ನೂ ಕಠಿಣ. ತೂಕದ ವಿಭಾಗಕ್ಕೆ ಇಳಿಯಲು ಅನ್ನ–ನೀರು ಬಿಟ್ಟು ಮೈಯ ನೀರು ಬಸಿಯುತ್ತಾರೆ. ತೂಕ ಕೊಟ್ಟ ಮರುಗಳಿಗೆ ಹೊಟ್ಟೆ ಬಿರಿಯುವಷ್ಟು ತಿನ್ನುತ್ತಾರೆ. ಮೈಗೆ ಮೈ ಉಜ್ಜುವ ಆಟವಾದ್ದರಿಂದ ಚರ್ಮದ ಸೋಂಕು ಬೇಗ ಹರಡುತ್ತದೆ. ಅದಕ್ಕೆ ನುಂಗುವ ಆ್ಯಂಟಿಬಯಾಟಿಕ್ ರೋಗಾಣುವಿನ ಜೊತೆಗೆ ಕರುಳಿನ ಒಳ್ಳೆಯ ಜೀವಿಗಳನ್ನೂ ಸಾಯಿಸುತ್ತದೆ.

ಆ ಜೀವಿಗಳ ಲೆಕ್ಕ ಬೆರಗು ಹುಟ್ಟಿಸುತ್ತದೆ. ಒಬ್ಬ ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂಬುದು 2016ರಲ್ಲಿ ವಿಜ್ಞಾನಿಗಳು ಹಾಕಿದ ಅಂದಾಜು. ಅವುಗಳಲ್ಲಿ ಹೆಚ್ಚಿನವು ಇರುವುದು ದೊಡ್ಡ ಕರುಳಿನಲ್ಲಿ. ನಾವು ಜೀರ್ಣಿಸಿಕೊಳ್ಳಲಾಗದ ನಾರನ್ನು ಅವು ತಿಂದು, ಕರುಳಿನ ಪದರಕ್ಕೆ ಆಹಾರವಾಗುವ ಆಮ್ಲಗಳನ್ನು ಮಾಡಿಕೊಡುತ್ತವೆ. ಹೊರಗಿನಿಂದ ಬಂದ ರೋಗಾಣುವಿಗೆ ಜಾಗ ಬಿಡುವುದಿಲ್ಲ. ದೇಹದ ರೋಗನಿರೋಧಕ ಕೋಶಗಳ ದೊಡ್ಡ ಪಾಲು ಕರುಳಿನ ಗೋಡೆಯಲ್ಲೇ ಇರುವುದರಿಂದ, ಅವುಗಳಿಗೆ ಶತ್ರು–ಮಿತ್ರರ ಗುರುತು ಕಲಿಸುವುದೂ ಈ ದಂಡೇ.

ಹೊಟ್ಟೆಯಲ್ಲಿರುವ ಜೀವಿಗಳಿಗೂ ಗಂಟಲಿನ ನೆಗಡಿಗೂ ನಂಟು ಇರುವುದು ಇಲ್ಲಿ.

> ಮೊಸರಿನಿಂದ ಮಾತ್ರೆಯವರೆಗೆ
>
> 1905: ಬಲ್ಗೇರಿಯಾದ ಸ್ಟಾಮೆನ್ ಗ್ರಿಗೊರೊವ್ ತಮ್ಮ ನಾಡಿನ ಮೊಸರಿನಲ್ಲಿ ಒಂದು ಬ್ಯಾಕ್ಟೀರಿಯಾ ಗುರುತಿಸಿದರು. ಅದೇ ಮುಂದೆ ‘ಲ್ಯಾಕ್ಟೊಬ್ಯಾಸಿಲಸ್ ಬಲ್ಗೇರಿಕಸ್’ ಎನಿಸಿತು.
>
> 1907: ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಇಲ್ಯಾ ಮೆಚ್ನಿಕೋವ್, ಹುಳಿ ಹಾಲಿನ ಜೀವಿಗಳು ಆಯುಷ್ಯ ಹೆಚ್ಚಿಸಬಲ್ಲವು ಎಂಬ ವಿಚಾರ ಮುಂದಿಟ್ಟರು. ಮರುವರ್ಷ ಅವರಿಗೆ ನೊಬೆಲ್ ಬಂತು. ಅದು ರೋಗನಿರೋಧಕ ಶಕ್ತಿಯ ಕುರಿತ ಕೆಲಸಕ್ಕೆ.
>
> 1930: ಜಪಾನಿನ ಮಿನೊರು ಶಿರೋಟಾ ಜಠರದ ಆಮ್ಲ ತಾಳಿಕೊಳ್ಳುವ ತಳಿಯೊಂದನ್ನು ಬೆಳೆಸಿದರು. 1935ರಲ್ಲಿ ‘ಯಾಕುಲ್ಟ್’ ಪೇಟೆಗೆ ಬಂತು.
>
> 2001: ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಉಪಕಾರ ಮಾಡುವ ಜೀವಂತ ಸೂಕ್ಷ್ಮಜೀವಿಗಳೇ ಪ್ರೊಬಯಾಟಿಕ್ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು ಹೇಳಿದರು.
>
> 2011: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಆಹಾರದಲ್ಲಿನ ಪ್ರೊಬಯಾಟಿಕ್‌ಗಳನ್ನು ಪರೀಕ್ಷಿಸುವ ಮಾರ್ಗಸೂಚಿ ಹೊರಡಿಸಿದವು.

ಓಟಗಾರರು ಹೇಳಿದ ಸಾಕ್ಷಿ

ಆಸ್ಟ್ರೇಲಿಯಾದ ಸಂಶೋಧಕರು ಉನ್ನತ ಮಟ್ಟದ 20 ಮಂದಿ ದೂರ ಓಟಗಾರರನ್ನು ಚಳಿಗಾಲದ ತರಬೇತಿಯಲ್ಲಿ ನಾಲ್ಕು ತಿಂಗಳು ಗಮನಿಸಿದರು. ಪ್ರತಿಯೊಬ್ಬರೂ ಕೆಲವು ವಾರ ಲ್ಯಾಕ್ಟೊಬ್ಯಾಸಿಲಸ್ ಫರ್ಮೆಂಟಮ್ ತಳಿಯೊಂದರ ಮಾತ್ರೆ, ಕೆಲವು ವಾರ ಹುಸಿ ಮಾತ್ರೆ ನುಂಗಿದರು. ಯಾವುದು ಯಾವುದೆಂದು ಅವರಿಗೆ ತಿಳಿಸಿರಲಿಲ್ಲ. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಎಲ್ಲರ ಕಾಯಿಲೆಯ ದಿನಗಳನ್ನು ಕೂಡಿಸಿದಾಗ, ಹುಸಿ ಮಾತ್ರೆಯ ಅವಧಿಯಲ್ಲಿ ನೆಗಡಿ–ಕೆಮ್ಮಿನ ದಿನಗಳು 72. ನಿಜ ಮಾತ್ರೆಯ ಅವಧಿಯಲ್ಲಿ 30.

ಮರುವರ್ಷ ಇಂಗ್ಲೆಂಡಿನ ಲೋಫ್‌ಬರೋ ವಿಶ್ವವಿದ್ಯಾಲಯದ ಮೈಕೆಲ್ ಗ್ಲೀಸನ್ ತಂಡ 16 ವಾರಗಳ ಪ್ರಯೋಗದ ಫಲ ಪ್ರಕಟಿಸಿತು. ಶಿರೋಟಾ ತಳಿ ಸೇವಿಸಿದ ಕ್ರೀಡಾಪಟುಗಳಲ್ಲಿ ನೂರಕ್ಕೆ 66 ಮಂದಿ ಒಂದು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ನೆಗಡಿಯ ಲಕ್ಷಣ ಅನುಭವಿಸಿದರು. ಸೇವಿಸದವರಲ್ಲಿ ನೂರಕ್ಕೆ 90.

ಇಷ್ಟಕ್ಕೇ ಹಿಗ್ಗಿ ಅಂಗಡಿಗೆ ಓಡಬೇಡಿ. 2012ರಲ್ಲಿ ಅದೇ ಗ್ಲೀಸನ್ ತಂಡ ಕ್ರೀಡಾಪಟುಗಳಿಗೆ ‘ಲ್ಯಾಕ್ಟೊಬ್ಯಾಸಿಲಸ್ ಸಲೈವೇರಿಯಸ್’ ಎಂಬ ಇನ್ನೊಂದು ಜೀವಿಯನ್ನು ಕೊಟ್ಟು ನೋಡಿತು. ನೆಗಡಿ ಕಡಿಮೆಯಾಗಲಿಲ್ಲ. ತಂಡ ಒಂದೇ, ವಿಧಾನ ಒಂದೇ ಬಗೆಯದು, ಜೀವಿ ಬದಲಾಯಿತು, ಫಲವೂ ಬದಲಾಯಿತು.

ಪ್ರೊಬಯಾಟಿಕ್ ವಿಷಯದಲ್ಲಿ ನೆನಪಿಡಬೇಕಾದ ಮೊದಲ ಪಾಠ ಇದು. ಗುಣ ಇರುವುದು ತಳಿಯಲ್ಲಿ. ಅಂಗಡಿಯಲ್ಲಿರುವ ಎಲ್ಲ ಡಬ್ಬಿಗಳೂ ಒಂದೇ ಕೆಲಸ ಮಾಡುವುದಿಲ್ಲ. ಮಜ್ಜಿಗೆಯಲ್ಲಿ, ಮಾತ್ರೆಯಲ್ಲಿ, ಪುಡಿಯಲ್ಲಿ ಇರುವ ಜೀವಿಗಳು ಒಂದೇ ಕುಲದವಾದರೂ ಗುಣ ಬೇರೆ ಬೇರೆ.

ಬಿಸಿಲಲ್ಲಿ ನಾಲ್ಕು ನಿಮಿಷ

ಓಟದ ವೇಗ, ತೋಳಿನ ಬಲ ಹೆಚ್ಚುತ್ತದೆಯೇ ಎಂಬುದು ಪೈಲ್ವಾನರ ಮೊದಲ ಪ್ರಶ್ನೆ. ಈ ದಿಕ್ಕಿನಲ್ಲಿ ಪುರಾವೆ ತೆಳುವಾಗಿದೆ, ಕುತೂಹಲಕ್ಕೆ ಮಾತ್ರ ಬರವಿಲ್ಲ.

2014ರ ಒಂದು ಅಧ್ಯಯನದಲ್ಲಿ ಹತ್ತು ಮಂದಿ ಓಟಗಾರರು ನಾಲ್ಕು ವಾರ ಹಲವು ತಳಿಗಳ ಮಿಶ್ರಣ ಸೇವಿಸಿ, 35 ಡಿಗ್ರಿ ಬಿಸಿಯ ಕೋಣೆಯಲ್ಲಿ ದಣಿದು ನಿಲ್ಲುವವರೆಗೆ ಓಡಿದರು. ಹುಸಿ ಪುಡಿ ತಿಂದಾಗ ಸರಾಸರಿ 33 ನಿಮಿಷ ಓಡಿದವರು, ಪ್ರೊಬಯಾಟಿಕ್ ತಿಂದಾಗ 37 ನಿಮಿಷ 44 ಸೆಕೆಂಡು ಓಡಿದರು. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಸಾಂಗಲಿ, ಜತ್ತ, ವಿಜಯಪುರದ ಕಡೆಯವರಿಗೆ ಇದು ಆಸೆ ಹುಟ್ಟಿಸುವ ಸುದ್ದಿ. ಆದರೆ ಹತ್ತು ಜನರ ಪ್ರಯೋಗವನ್ನು ಹತ್ತು ಸಾವಿರ ಜನರ ಸತ್ಯವೆಂದು ಹಿಡಿಯಬಾರದು.

ಅದೇ ವರ್ಷ ಐರ್ಲೆಂಡಿನ ಸಂಶೋಧಕರು ಅಲ್ಲಿನ 40 ಮಂದಿ ವೃತ್ತಿಪರ ರಗ್ಬಿ ಆಟಗಾರರ ಮಲವನ್ನು ಪರೀಕ್ಷಿಸಿದರು. ಸಾಮಾನ್ಯ ಜನರಿಗಿಂತ ಇವರ ಕರುಳಿನಲ್ಲಿ ಹೆಚ್ಚು ಬಗೆಯ ಜೀವಿಗಳಿದ್ದವು. ವ್ಯಾಯಾಮ ಮತ್ತು ಊಟ ಎರಡೂ ಸೇರಿ ಈ ವೈವಿಧ್ಯ ಬಂದಿರಬೇಕು ಎಂದರು.

2019ರಲ್ಲಿ ಅಮೆರಿಕದಿಂದ ಇನ್ನೊಂದು ಸುದ್ದಿ. ಬಾಸ್ಟನ್ ಮ್ಯಾರಥಾನ್ ಓಡಿದವರ ಕರುಳಿನಲ್ಲಿ ‘ವೈಲೊನೆಲ್ಲಾ’ ಎಂಬ ಬ್ಯಾಕ್ಟೀರಿಯಾ ಓಟದ ನಂತರ ಹೆಚ್ಚಿತ್ತು. ಸ್ನಾಯು ದುಡಿದಾಗ ಹುಟ್ಟುವ ಲ್ಯಾಕ್ಟೇಟ್ ಅದರ ಆಹಾರ. ಅದನ್ನು ತಿಂದು ಪ್ರೊಪಿಯೊನೇಟ್ ಎಂಬ ವಸ್ತು ತಯಾರಿಸುತ್ತದೆ. ಆ ಬ್ಯಾಕ್ಟೀರಿಯಾವನ್ನು ಇಲಿಗಳಿಗೆ ಕೊಟ್ಟಾಗ ಅವು ನೂರಕ್ಕೆ 13ರಷ್ಟು ಹೆಚ್ಚು ಹೊತ್ತು ಓಡಿದವು. ಮನುಷ್ಯರಲ್ಲೂ ಹಾಗೇ ಆಗುತ್ತದೆಂದು ಇದರಿಂದ ಹೇಳಲಾಗದು.

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2018ರಲ್ಲಿ ಪೂರಕ ಆಹಾರಗಳ ಬಗ್ಗೆ ಒಮ್ಮತದ ಹೇಳಿಕೆ ಹೊರಡಿಸಿದರು. ಮೂಗು–ಗಂಟಲಿನ ಸೋಂಕು ತಡೆಯುವಲ್ಲಿ ಪ್ರೊಬಯಾಟಿಕ್‌ಗೆ ಮಧ್ಯಮ ಮಟ್ಟದ ಆಧಾರವಿದೆ ಎಂದರು. ಅದಕ್ಕೆ ಬೇಕಾದದ್ದು ದಿನಕ್ಕೆ ಸುಮಾರು 1,000 ಕೋಟಿ ಜೀವಂತ ಬ್ಯಾಕ್ಟೀರಿಯಾ. ಅಂತರರಾಷ್ಟ್ರೀಯ ಕ್ರೀಡಾ ಪೋಷಣಾ ಸಂಘದ 2019ರ ನಿಲುವೂ ಹೆಚ್ಚು ಕಡಿಮೆ ಅದೇ: ಪರಿಣಾಮ ತಳಿಯನ್ನು ಅವಲಂಬಿಸಿದೆ, ಕೆಲವು ತಳಿಗಳು ಸೋಂಕಿನ ಕಾಟವನ್ನೂ ಹೊಟ್ಟೆಯ ತೊಂದರೆಯನ್ನೂ ತಗ್ಗಿಸಬಲ್ಲವು.

ಎಲ್ಲವನ್ನೂ ಸೋಸಿದರೆ ಉಳಿಯುವುದು ಇಷ್ಟು. ಪ್ರೊಬಯಾಟಿಕ್ ತೋಳಿಗೆ ಬಲ ತುಂಬುತ್ತದೆಂದು ನಂಬಲು ಸಾಕಷ್ಟು ಆಧಾರವಿಲ್ಲ. ತಾಲೀಮು ತಪ್ಪದಂತೆ ನೋಡಿಕೊಳ್ಳಲು ಅದು ನೆರವಾಗಬಲ್ಲದು. ಕ್ರೀಡಾಪಟುವಿಗೆ ಅದೇನು ಕಡಿಮೆ ಲಾಭವಲ್ಲ.

ಹೆಪ್ಪಿನ ಗಡಿಗೆಯ ಮುಂದೆ

ಸಾಂಗಲಿ ಹಾಲಿನ ನಾಡು. ಕೃಷ್ಣೆಯ ದಂಡೆಯ ಭಿಲವಡಿಯಲ್ಲಿ 1939ರಲ್ಲಿ ಶುರುವಾದ ಚಿತಳೆಯವರ ಹಾಲಿನ ಉದ್ಯಮ ಇಂದು ಮಹಾರಾಷ್ಟ್ರದ ಮನೆಮಾತು. ಎಮ್ಮೆ ಕಟ್ಟಿದ ಮನೆಯಲ್ಲಿ ಹೆಪ್ಪಿನ ಗಡಿಗೆ ಖಾಲಿಯಾಗುವುದಿಲ್ಲ. ಪೈಲ್ವಾನನ ಖುರಾಕಿನಲ್ಲಿ ಬಾದಾಮಿ ಅರೆದ ಥಂಡಾಯಿ, ಹಾಲು, ತುಪ್ಪಗಳಿಗೆ ಮೊದಲ ಮಣೆ. ಮೊಸರು–ಮಜ್ಜಿಗೆ ಊಟದ ಕೊನೆಗೆ ಸದ್ದಿಲ್ಲದೆ ಬರುತ್ತವೆ.

ನಮ್ಮ ಕಡೆಯ ಅಡುಗೆಮನೆಯಲ್ಲಿ ಹುಳಿ ಬರಿಸುವ ವಿದ್ಯೆ ಇನ್ನೂ ಜೀವಂತ. ಜೋಳದ ಹಿಟ್ಟನ್ನು ಹುಳಿ ಮಜ್ಜಿಗೆಯಲ್ಲಿ ಕಲಸಿಟ್ಟು ಕಾಯಿಸಿದ ಅಂಬಲಿ, ನುಚ್ಚು–ಮಜ್ಜಿಗೆ, ಚಳಿಗಾಲದ ಕರಿಂಡಿ, ಕೆಂಪು ಮೆಣಸಿನಕಾಯಿಯ ರಂಜಕ. ಮಿರಜ, ಜತ್ತ, ಅಥಣಿ, ವಿಜಯಪುರಗಳ ಹೊಲದ ಬುತ್ತಿಯಲ್ಲಿ ಇವುಗಳಲ್ಲಿ ಒಂದಾದರೂ ಇದ್ದೇ ಇರುತ್ತಿತ್ತು.

ಇವೆಲ್ಲ ಪ್ರೊಬಯಾಟಿಕ್ಕೇ? ಕಟ್ಟುನಿಟ್ಟಾಗಿ ನೋಡಿದರೆ ಅಲ್ಲ. ಮನೆಯ ಮೊಸರಿನಲ್ಲಿ ಜೀವಂತ ಬ್ಯಾಕ್ಟೀರಿಯಾಗಳು ಕೋಟಿಗಟ್ಟಲೆ ಇರುತ್ತವೆ. ಆದರೆ ಯಾವ ತಳಿ, ಎಷ್ಟು ಎಂಬುದು ಮನೆಯಿಂದ ಮನೆಗೆ, ಋತುವಿನಿಂದ ಋತುವಿಗೆ ಬದಲಾಗುತ್ತದೆ. ನಿರ್ದಿಷ್ಟ ತಳಿಯನ್ನು ನಿರ್ದಿಷ್ಟ ಪ್ರಮಾಣದಲ್ಲಿ ಕೊಟ್ಟು ಪರೀಕ್ಷಿಸಿದ ಫಲವನ್ನು ಗಡಿಗೆಯ ಮೊಸರಿಗೆ ನೇರವಾಗಿ ಹಚ್ಚುವಂತಿಲ್ಲ. ಅಂಬಲಿಯನ್ನು ಕುದಿಸಿದರೆ ಜೀವಿಗಳು ಸಾಯುತ್ತವೆ. ಒಗ್ಗರಣೆ ಹಾಕಿ ಕುದಿಸಿದ ಮಜ್ಜಿಗೆ ಸಾರಿನದೂ ಅದೇ ಕತೆ.

ಹಾಗೆಂದು ಮೊಸರನ್ನು ಕೆಳಗಿಡುವ ಹಾಗಿಲ್ಲ. ಪ್ರೋಟೀನು, ಕ್ಯಾಲ್ಸಿಯಂ, ನೀರು ಮೂರನ್ನೂ ಅದು ಒಟ್ಟಿಗೆ ಕೊಡುತ್ತದೆ. ಹಾಲಿನ ಸಕ್ಕರೆ ದಕ್ಕದವರಿಗೆ ಜೀವಂತ ಮೊಸರು ಸುಲಭವಾಗಿ ದಕ್ಕುತ್ತದೆ ಎಂಬುದು ಗಟ್ಟಿಯಾಗಿ ಸಾಬೀತಾದ ಸಂಗತಿ. ಹಾಲು ಕುಡಿದರೆ ಹೊಟ್ಟೆ ಉಬ್ಬುವ ಹುಡುಗನಿಗೆ ಲೋಟಗಟ್ಟಲೆ ಹಾಲು ಕುಡಿಸುವ ಬದಲು ತಾಜಾ ಮೊಸರು ಕೊಡಬಹುದು. ಬೆವರು ಸುರಿಸಿದವನಿಗೆ ಉಪ್ಪು ಹಾಕಿದ ಮಜ್ಜಿಗೆ ನೀರು, ಉಪ್ಪು ಎರಡನ್ನೂ ತುಂಬಿಕೊಡುತ್ತದೆ.

ಇನ್ನೊಂದು ಮಾತು ಮರೆಯಬಾರದು. ಬೀಜ ಬಿತ್ತಿ ಗೊಬ್ಬರ ಹಾಕದಿದ್ದರೆ ಬೆಳೆ ಬಾರದು. ಕರುಳಿನ ಜೀವಿಗಳಿಗೆ ಗೊಬ್ಬರವೆಂದರೆ ನಾರು. ಜೋಳದ ರೊಟ್ಟಿ, ಕಾಳುಪಲ್ಯ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಾಳೆಹಣ್ಣು, ಸೊಪ್ಪು ಇವೇ ಅವುಗಳ ಊಟ. ತುಪ್ಪ, ಬಾದಾಮಿ, ಮೊಟ್ಟೆ, ಮಾಂಸಗಳಿಂದಲೇ ಹೊಟ್ಟೆ ತುಂಬಿಸಿಕೊಂಡು ರೊಟ್ಟಿ–ಪಲ್ಯ ಮರೆತ ಖುರಾಕಿಗೆ ಎಷ್ಟು ದುಬಾರಿ ಮಾತ್ರೆ ಸೇರಿಸಿದರೂ ಫಲ ಅಷ್ಟಕ್ಕಷ್ಟೆ.

> ಡಬ್ಬಿ ಕೊಳ್ಳುವ ಮುನ್ನ
>
> • ಕುಲ, ಜಾತಿ, ತಳಿ ಮೂರೂ ಹೆಸರು ಚೀಟಿಯ ಮೇಲಿವೆಯೇ ನೋಡಿ. ಬರೀ ‘ಪ್ರೊಬಯಾಟಿಕ್’ ಎಂದಿದ್ದರೆ ಸಾಲದು.
>
> • ಜೀವಂತ ಬ್ಯಾಕ್ಟೀರಿಯಾಗಳ ಸಂಖ್ಯೆ ಬಾಳಿಕೆಯ ಕೊನೆಯ ದಿನಕ್ಕೂ ಅನ್ವಯಿಸಬೇಕು. ತಯಾರಾದ ದಿನದ ಲೆಕ್ಕದಿಂದ ಉಪಯೋಗವಿಲ್ಲ.
>
> • ತಂಪಿನಲ್ಲಿಡಿ ಎಂದಿದ್ದರೆ ಅಂಗಡಿಯವರು ತಂಪಿನಲ್ಲೇ ಇಟ್ಟಿದ್ದಾರೆಯೇ ವಿಚಾರಿಸಿ. ಬಿಸಿಲಲ್ಲಿ ಬೆಂದ ಡಬ್ಬಿಯಲ್ಲಿ ಸತ್ತ ಜೀವಿಗಳೇ ಹೆಚ್ಚು.
>
> • ಸ್ಪರ್ಧೆ ಅಥವಾ ದೂರ ಪ್ರಯಾಣಕ್ಕೆ ಕನಿಷ್ಠ 14 ದಿನ ಮೊದಲು ಶುರು ಮಾಡಿ. ಮೊದಲ ಕೆಲವು ದಿನ ಹೊಟ್ಟೆ ಉಬ್ಬರಿಸಬಹುದು.
>
> • ಪ್ರೊಬಯಾಟಿಕ್ ನಿಷೇಧಿತ ಮದ್ದಲ್ಲ. ಆದರೆ ಹತ್ತಾರು ವಸ್ತು ಬೆರೆಸಿದ ‘ಪವರ್’ ಪುಡಿಗಳಲ್ಲಿ ನಿಷೇಧಿತ ಅಂಶ ಸೇರಿರಬಹುದು. ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಹೊಣೆ ಕ್ರೀಡಾಪಟುವಿನದೇ.

ಮಿರಜದ ದವಾಖಾನೆಗಳ ನೆರಳಲ್ಲಿ

ಮಿರಜದ ಹೆಸರು ಹೇಳಿದರೆ ಉತ್ತರ ಕರ್ನಾಟಕದವರಿಗೆ ತಂಬೂರಿಯ ಜೊತೆಗೆ ನೆನಪಾಗುವುದು ದವಾಖಾನೆ. ಮಿಷನರಿ ವೈದ್ಯ ವಿಲಿಯಂ ಜೇಮ್ಸ್ ವಾನ್ಲೆಸ್ 1894ರಲ್ಲಿ ಇಲ್ಲಿ ಆಸ್ಪತ್ರೆ ತೆರೆದರು. ಸರಕಾರಿ ವೈದ್ಯಕೀಯ ಕಾಲೇಜೂ ಇಲ್ಲೇ ಇದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ರೋಗಿಗಳು ಇಂದಿಗೂ ಮಿರಜದ ರೈಲು ಹತ್ತುತ್ತಾರೆ. ಒಂದು ಕಡೆ ಕುಸ್ತಿಯ ಸಾಂಗಲಿ, ಹತ್ತಾರು ನಿಮಿಷದ ದಾರಿಯಲ್ಲಿ ವೈದ್ಯರ ಮಿರಜ. ಪೈಲ್ವಾನನೂ ಡಾಕ್ಟರೂ ಇಷ್ಟು ಹತ್ತಿರ ಇರುವ ಊರುಗಳು ಅಪರೂಪ.

ಈ ನೆರೆಹೊರೆಯ ಲಾಭ ಪಡೆಯಬೇಕು. ಪ್ರೊಬಯಾಟಿಕ್ ಆರೋಗ್ಯವಂತರಿಗೆ ಸಾಮಾನ್ಯವಾಗಿ ಅಪಾಯಕಾರಿಯಲ್ಲ. ಆದರೆ ರೋಗನಿರೋಧಕ ಶಕ್ತಿ ಕುಂದಿದವರು, ಗಂಭೀರ ಕಾಯಿಲೆಯಲ್ಲಿರುವವರು ವೈದ್ಯರ ಮಾತಿಲ್ಲದೆ ಅದನ್ನು ಮುಟ್ಟಬಾರದು. ಮಲದಲ್ಲಿ ರಕ್ತ ಕಂಡರೆ, ತೂಕ ಕಾರಣವಿಲ್ಲದೆ ಇಳಿದರೆ, ಭೇದಿ ವಾರಗಟ್ಟಲೆ ನಿಲ್ಲದಿದ್ದರೆ ಮಾತ್ರೆಯ ಡಬ್ಬಿ ಬದಿಗಿಟ್ಟು ವೈದ್ಯರ ಬಳಿ ಹೋಗಬೇಕು. ಆ್ಯಂಟಿಬಯಾಟಿಕ್‌ನ್ನು ಅಂಗಡಿಯಿಂದ ತಾವೇ ಕೊಂಡು ನುಂಗುವ ಚಾಳಿ ಇಂದೇ ನಿಲ್ಲಬೇಕು. ಹೊಟ್ಟೆಯ ದಂಡಿಗೆ ಅದು ಮಾಡುವ ಹಾನಿಯನ್ನು ಯಾವ ಪುಡಿಯೂ ಬೇಗ ತುಂಬಿಕೊಡದು.

ಮೊದಲು ಸರಿಯಾಗಬೇಕಾದ ಸಂಗತಿಗಳು ಹಳೆಯವೇ. ಸಾಕಷ್ಟು ನಿದ್ದೆ, ಕೈ ತೊಳೆಯುವ ರೂಢಿ, ಒಬ್ಬರ ಟವೆಲು, ಲೋಟ ಇನ್ನೊಬ್ಬರು ಬಳಸದಿರುವುದು, ತೂಕ ಇಳಿಸಲು ನೀರು ಬಿಡದಿರುವುದು. ಇಷ್ಟೂ ಆದ ಮೇಲೆ ಮೊಸರು, ನಾರಿನ ಊಟ. ಅದರ ಮೇಲೂ ಚಳಿಗಾಲದಲ್ಲಿ ಮೇಲಿಂದ ಮೇಲೆ ನೆಗಡಿ ಹಿಡಿಯುವವರು, ಪರ ಊರಿನ ಸ್ಪರ್ಧೆಗೆ ಹೋದಾಗ ಹೊಟ್ಟೆ ಕೆಡಿಸಿಕೊಳ್ಳುವವರು ವೈದ್ಯರನ್ನು ಕೇಳಿ, ಪರೀಕ್ಷಿತ ತಳಿಯೊಂದನ್ನು ಆರಿಸಿಕೊಳ್ಳಬಹುದು.

ತಾಲೀಮು ನಡೆಸುವ ವಸ್ತಾದರಿಗೆ ಒಂದು ವಿನಂತಿ. ಯಾವ ಹುಡುಗ, ಯಾವ ಹುಡುಗಿ ಎಷ್ಟು ದಿನ ಕಾಯಿಲೆಯಿಂದ ಅಭ್ಯಾಸ ತಪ್ಪಿಸಿದರು ಎಂಬುದನ್ನು ಒಂದು ವಹಿಯಲ್ಲಿ ಬರೆದಿಡಿ. ಏನು ತಿಂದರು, ಏನು ಕುಡಿದರು, ಯಾವ ಮಾತ್ರೆ ನುಂಗಿದರು ಎಂಬುದೂ ಅದರಲ್ಲೇ ಇರಲಿ. ಒಂದು ಹಂಗಾಮು ಮುಗಿಯುವಷ್ಟರಲ್ಲಿ ನಿಮ್ಮ ಅಖಾಡಕ್ಕೆ ಯಾವುದು ಬೇಕು, ಯಾವುದು ದಂಡ ಎಂಬುದನ್ನು ಆ ವಹಿ ತೋರಿಸುತ್ತದೆ. ಅಪ್ಪ–ಅವ್ವಂದಿರಿಗೂ ಒಂದು ಮಾತು. ಸಾಲ ಮಾಡಿ ಡಬ್ಬಿ ತರಬೇಡಿ. ದಿನವೂ ತಾಜಾ ಮೊಸರು, ಹೊಟ್ಟೆ ತುಂಬ ರೊಟ್ಟಿ–ಕಾಳುಪಲ್ಯ ಬಡಿಸಿ. ಉಳಿದದ್ದನ್ನು ವೈದ್ಯರ ಜೊತೆ ಕೂತು ತೀರ್ಮಾನಿಸಿ.